ಆಯಿ ಕೊಟ್ಟ ಗುಣ

ಗೌರಿ ಹಬ್ಬ ಹತ್ತಿರ ಬಂತೆಂದರೆ ನಾನು ಬೆಳ್ಳಿ ಸಾಮಾನಿನ ಡಬ್ಬಿ ಹೊರತೆಗೆದು ಇಚಲಕರಂಜಿಯ ನಮ್ಮ ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ಕೂರುತ್ತೇನೆ. ಈ ಕೆಲಸವನ್ನು ಸೊಸೆಗೂ ಬಿಟ್ಟುಕೊಡುವುದಿಲ್ಲ. ವಿಭೂತಿ ಗಟ್ಟಿಯನ್ನು ಪುಡಿ ಮಾಡಿ, ಹಳೆಯ ಧೋತರದ ಚೂರಿಗೆ ಹಚ್ಚಿಕೊಂಡು, ಆರತಿ ತಟ್ಟೆ, ಕುಂಕುಮದ ಭರಣಿ, ಮಾವನವರ ಲಿಂಗದ ಕರಡಿಗೆ ಎಂದು ಒಂದೊಂದಾಗಿ ತಿಕ್ಕುತ್ತ ಹೋಗುತ್ತೇನೆ. ಹಿಂದಿನ ಓಣಿಯ ಮಗ್ಗಗಳ ಖಟಾಖಟ್ ಸದ್ದಿಗೆ ಕೈ ತಾನೇ ತಾಳ ಹಿಡಿಯುತ್ತದೆ. ನೀವೂ ಒಮ್ಮೆ ಮಾಡಿ ನೋಡಿ. ಬೆಳ್ಳಿಯ ಜೊತೆಗೆ ಮನಸ್ಸಿನ ಕಿಲುಬೂ ಹೋಗುತ್ತದೆ ಎಂದು ಬರೆಯಬೇಕೆಂದಿದ್ದೆ. ನಿಜ ಹೇಳಬೇಕೆಂದರೆ ಹೋಗುವುದು ಉಗುರಿನ ಬಣ್ಣ ಮಾತ್ರ.

ಈ ಸಲ ಡಬ್ಬಿಯ ತಳದಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚುವ ಮೊದಲೇ ಮೂಗಿಗೆ ಗೊತ್ತಾಯಿತು: ಹಿಂಡಿ, ಒಣ ಮೇವು, ಎಮ್ಮೆಯ ಮೈ. ಇಷ್ಟು ವರ್ಷ ಆ ವಾಸನೆ ಅದರಲ್ಲಿ ಹೇಗೆ ಉಳಿಯಿತೋ, ಅಥವಾ ನನ್ನ ಮೂಗೇ ಅದನ್ನು ಇಟ್ಟುಕೊಂಡಿತ್ತೋ. ಗಂಟಿನೊಳಗೆ ಬೋರೆಹಣ್ಣಿಗಿಂತ ತುಸು ದೊಡ್ಡದಾದ ಒಂದು ಗಂಟೆ ಇತ್ತು. ಕಪ್ಪು ಹಿಡಿದು ಬೆಳ್ಳಿಯೋ ಕಬ್ಬಿಣವೋ ತಿಳಿಯದ ಹಾಗಾಗಿತ್ತು. ನಮ್ಮ ಮನೆಯವರು ಹುಪರಿಯವರು, ಬೆಳ್ಳಿ ಕೆಲಸದ ಮನೆತನ. ಈ ಗಂಟೆ ಅವರೇ ಮಾಡಿದ್ದು. ಮದುವೆಗೆ ಮೊದಲು ಹುಡುಗರು ಹುಡುಗಿಗೆ ಏನಾದರೂ ಮಾಡಿಕೊಡುತ್ತಾರಷ್ಟೆ? ಇವರು ಮಾಡಿದ್ದು ಎಮ್ಮೆಯ ಕರುವಿಗೆ.

ಒಳಗಿನಿಂದ ಜೋರು ಮಾತು ಕೇಳುತ್ತಿತ್ತು. ಪಕ್ಕದ ಮನೆಯ ಸರ್ ಬಂದಿದ್ದರು. ವಿಜ್ಞಾನ ಕಲಿಸಿ ನಿವೃತ್ತರಾದವರು, ಈಗ ಕಲಿಸಲು ಮಕ್ಕಳಿಲ್ಲದ್ದರಿಂದ ನಮ್ಮ ಮನೆಯವರಿಗೆ ಕಲಿಸುತ್ತಾರೆ. ಅವತ್ತಿನ ಪಾಠ ಮೊಬೈಲಿನಲ್ಲಿ ಬಂದ ಒಂದು ವಿಡಿಯೊ: ಬೀದಿ ನಾಯಿಯೊಂದು ತಾಯಿ ಸತ್ತ ಬೆಕ್ಕಿನ ಮರಿಗಳಿಗೆ ಹಾಲು ಕುಡಿಸುತ್ತಿದೆ.

"ಇದರಾಗ ದೊಡ್ಡಸ್ತಿಕಿ ಏನೂ ಇಲ್ರಿ," ಎನ್ನುತ್ತಿದ್ದರು ಸರ್. "ಮೊಲ್ಯಾಗ ಹಾಲ ತುಂಬೈತಿ, ಮರಿ ಬಾಯಿ ಹಚ್ಯಾವು, ಮುಗೀತು. ನಾಯಿಗೆ ಧರ್ಮ ಗೊತ್ತಿಲ್ಲ. ಮನಷ್ಯಾಗೂ ಅಷ್ಟ. ಒಳ್ಳೇತನಾ ಅಂತ ನಾವು ಹೆಸರ ಇಟ್ಟೇವಿ, ಒಳಗ ಎಲ್ಲಾ ಹುಟ್ಟಿನಿಂದ ಬಂದ ಯಂತ್ರ."

"ಹಂಗ ಅಂತೀರಿ?" ಎಂದರು ನಮ್ಮ ಮನೆಯವರು. ಇದು ಅವರು ಒಪ್ಪದಿರುವ ರೀತಿ. ಇಷ್ಟು ವರ್ಷಗಳ ಸಂಸಾರದಲ್ಲಿ ನಾನು ಅದೊಂದನ್ನಾದರೂ ಸರಿಯಾಗಿ ಕಲಿತಿದ್ದೇನೆ.

ನನಗೆ ನಗು ಬಂತು. ಸರ್ ಹೇಳಿದ್ದನ್ನೇ ನಮ್ಮ ಆಯಿ ಯಾವ ಕಾಲೇಜಿನ ಮೆಟ್ಟಿಲೂ ಹತ್ತದೆ, ಒಂದೇ ಗಾದೆಯಲ್ಲಿ, ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು: ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಆಯಿ ಎಂದರೆ ಯಾರೆಂದು ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ನೀವೂ ನಮ್ಮ ಗುರೂಜಿಯ ಹಾಗೆ ಮೋಸ ಹೋಗುತ್ತೀರಿ. ನನ್ನ ತವರು ಗಡಹಿಂಗ್ಲಜದ ಹತ್ತಿರ, ಹಿರಣ್ಯಕೇಶಿಯ ದಂಡೆಯ ಮೇಲೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡರ ಮಿಸಳ. ನಮ್ಮಲ್ಲಿ ತಾಯಿಗೆ ಅವ್ವ ಅನ್ನುತ್ತಾರೆ, ಅಪ್ಪನ ತಾಯಿಗೆ ಆಯಿ. ಮರಾಠಿಯಲ್ಲಿ ಆಯಿ ಎಂದರೇ ತಾಯಿ. ನಾನು ಸಣ್ಣವಳಿದ್ದಾಗ ಒಂದು ದಿನ ಗುರೂಜಿ ನನ್ನ ಗಣಿತದ ಪಾಟಿಯನ್ನು ನೋಡಿ ಬೇಸತ್ತು, "ಉದ್ಯಾ ಆಯಿಲಾ ಘೇವೂನ್ ಯೇ" ಎಂದರು. ನಾಳೆ ತಾಯಿಯನ್ನು ಕರೆದುಕೊಂಡು ಬಾ ಎಂದು. ನಾನು ಹೇಳಿದ ಮಾತು ಮೀರದ ಹುಡುಗಿ. ಮರುದಿನ ಆಯಿಯನ್ನೇ ಕರೆದುಕೊಂಡು ಹೋದೆ.

ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಕೈಯಲ್ಲಿ ದನ ಅಟ್ಟುವ ಬಡಿಗೆ ಹಿಡಿದ ಮುದುಕಿಯನ್ನು ನೋಡಿ ಗುರೂಜಿ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಮರ್ಯಾದೆಯಿಂದಲೇ ಹೇಳಿದರು: "ಮುಲೀಚೇ ಗುಣ ಫಾರ್ ಕಮೀ ಆಹೇತ್."

ಮರಾಠಿಯಲ್ಲಿ ಗುಣ ಎಂದರೆ ಪರೀಕ್ಷೆಯ ಅಂಕ. ಹುಡುಗಿಯ ಅಂಕ ಬಹಳ ಕಡಿಮೆ ಎಂದರು ಅವರು. ಅದು ಸತ್ಯವೇ ಆಗಿತ್ತು. ಆದರೆ ಆಯಿಗೆ ಬರುತ್ತಿದ್ದದ್ದು ಸಂತೆಯ ಮರಾಠಿ, ಶಾಲೆಯ ಮರಾಠಿಯಲ್ಲ. ಅವಳ ಕಿವಿಗೆ ಬಿದ್ದದ್ದು, ಈ ಹುಡುಗಿಯ ಗುಣ ನೆಟ್ಟಗಿಲ್ಲ ಎಂದು.

"ಗುಣಾ ಕಮ್ಮಿ?" ಆಯಿಯ ಬಡಿಗೆ ನೆಲಕ್ಕೆ ಕುಟ್ಟಿತು. "ನಮ್ಮ ಮನಿತನದ ಹುಡಿಗಿ ಗುಣಾ ಕಮ್ಮಿ ಅಂತೀರೇನ್ರಿ ಗುರೂಜಿ? ಏನ್ ಕದ್ದಾಳ ಆಕಿ? ಯಾರಿಗೆ ಬಡದಾಳ?"

"ಅಹೋ ಆಜೀ," ಎಂದು ಗುರೂಜಿ ಕೈಯೆತ್ತಿದರು, "ಗುಣ ಮೀ ದೇತೋ!" ಗುಣ ಕೊಡುವವನು ನಾನು, ಅವಳು ಬರೆಯದಿದ್ದರೆ ಎಲ್ಲಿಂದ ಕೊಡಲಿ ಎಂಬುದು ಅವರ ಮಾತಿನ ತಾತ್ಪರ್ಯ.

"ನೀವ್ ಕೊಡ್ತೀರಿ? ಗುಣಾ ಕೊಡಾಂವ ಮ್ಯಾಲ ಕುಂತಾನ. ಹುಟ್ಟೂಮುಂದನ ಕಟ್ಟಿ ಕಳಸ್ತಾನ. ನಿಮ್ಮ ಕಪಾಟಿನ್ಯಾಗ ಏನ್ ಗುಣದ ಡಬ್ಬಿ ಇಟ್ಟೀರೇನು?"

ಇಡೀ ಶಾಲೆ ಹೊರಗೆ ಬಂದು ನಿಂತಿತ್ತು. ನನಗೆ ಅವತ್ತಿನಿಂದ ಗಣಿತದಲ್ಲಿ ಅಂಕ ಹೆಚ್ಚಾಗಲಿಲ್ಲ, ಆದರೆ ಗುರೂಜಿ ಕೇಳುವುದನ್ನು ಬಿಟ್ಟರು. ಅವರಿಗೂ ಆಯಿಗೂ ಮುಂದೆ ಒಳ್ಳೆಯ ಸ್ನೇಹವೇ ಬೆಳೆಯಿತೆನ್ನಿ. ದಾರಿಯಲ್ಲಿ ಸಿಕ್ಕಾಗಲೆಲ್ಲ ಅವರು, "ಕಾಯ್ ಆಜೀ, ಗುಣ ಕೋಣ್ ದೇತೋ?" ಎಂದು ಕೆಣಕುತ್ತಿದ್ದರು. ಗುಣ ಕೊಡುವವರು ಯಾರು? ಆಯಿ ಬಡಿಗೆಯಿಂದ ಆಕಾಶ ತೋರಿಸಿ ಮುಂದೆ ಹೋಗುತ್ತಿದ್ದಳು.

ಆಯಿಯ ಲೋಕದಲ್ಲಿ ಎಲ್ಲಕ್ಕೂ ಹುಟ್ಟುಗುಣವೇ ಕಾರಣ. ಕಾಗೆ ಅನ್ನ ಕಂಡರೆ ಬಳಗ ಕರೆಯುತ್ತದೆ, ಅದು ಕಾಗೆಯ ಗುಣ. ಕೋಳಿ ಅದೇ ಅನ್ನ ಕಂಡರೆ ಕೆದರುತ್ತದೆ, ಅದು ಕೋಳಿಯ ಗುಣ. ಕೋವಾಡ ಊರಿನ ಎಮ್ಮೆ ಹಾಯುವುದಿಲ್ಲ, ಅದು ಕೋವಾಡದ ಗುಣ. ಅಪ್ಪ ಈ ಮಾತು ನಂಬಿ ಕೋವಾಡದ ಕಡೆಯಿಂದಲೇ ಚಂದ್ರಿ ಎಂಬ ಎಮ್ಮೆಯನ್ನು ತಂದರು. ಅದು ಬಂದ ದಿನವೇ ಅಪ್ಪನನ್ನು ಹಾಯ್ದು ತಿಪ್ಪೆಗೆ ಕೆಡವಿತು. ಆಯಿ ಸೋಲಲಿಲ್ಲ. "ಇದು ಕೋವಾಡದಾಗ ಹುಟ್ಟಿದ್ದ ಅಲ್ಲ ಬಿಡು. ಎಲ್ಲಿದೋ ತಂದು ಮಾರ್ಯಾರ" ಎಂದಳು.

ಮನುಷ್ಯರ ಗುಣ ಅಳೆಯಲು ಅವಳ ಬಳಿ ಒಂದು ವಿಶೇಷ ಪದ್ಧತಿ ಇತ್ತು. ನಮ್ಮ ಬಳಗದಲ್ಲಿ ಯಾರಿಗಾದರೂ ಹೆಣ್ಣೋ ಗಂಡೋ ಗೊತ್ತಾದರೆ ಮೊದಲು ಆಯಿ ಆ ಮನೆಗೆ ಹೋಗಬೇಕು. ಹೋದವಳು ಪಡಸಾಲೆಯಲ್ಲಿ ಕೂರುವುದಿಲ್ಲ, ಅವಲಕ್ಕಿ ಮುಟ್ಟುವುದಿಲ್ಲ. ನೆಟ್ಟಗೆ ದನದ ಕೊಟ್ಟಿಗೆಗೆ. ಎಮ್ಮೆಯ ಮುಂದೆ ಕೈಯೆತ್ತಿ ನಿಲ್ಲುತ್ತಾಳೆ. ಎಮ್ಮೆ ಬೆದರಿ ಹಿಂದೆ ಸರಿದರೆ ಆ ಮನೆಯಲ್ಲಿ ಹೊಡೆಯುವ ಕೈ ಇದೆ, ಹೆಣ್ಣು ಕೊಡಬಾರದು. ಮೂಸಿ ನೋಡಿ ಸುಮ್ಮನೆ ಮೆಲುಕು ಹಾಕಿದರೆ ಮಾತುಕತೆ ಮುಂದುವರಿಯಬಹುದು. ಈ ಸುದ್ದಿ ಹಬ್ಬಿ, ಅವಳು ಬರುತ್ತಾಳೆಂದು ಗೊತ್ತಾದರೆ ಜನ ಪಕ್ಕದ ಮನೆಯ ಸಾಧು ಎಮ್ಮೆಯನ್ನು ತಂದು ಕಟ್ಟುವುದೂ ಇತ್ತು.

ಇಂಥ ಆಯಿಯ ಮುಂದೆ ನನ್ನ ಮಾಮಾ ಹುಪರಿಯ ಸಂಬಂಧ ತಂದರು. ಅಪ್ಪ ಅವ್ವ ಒಪ್ಪಿದರು. ಆಯಿ ಹುಪರಿಗೆ ಹೋಗಿ, ಮುಖ ಗಂಟುಹಾಕಿಕೊಂಡು ಬಂದಳು. ಆ ಮನೆಯ ಅಂಗಳದಲ್ಲಿ ಭಟ್ಟಿ, ಪಡಸಾಲೆಯಲ್ಲಿ ತಂತಿ ಎಳೆಯುವವರು, ಮಾಳಿಗೆಯಲ್ಲಿ ಗೆಜ್ಜೆ ಬೆಸೆಯುವವರು. ದನವೇ ಇಲ್ಲ.

"ದನಾ ಇಲ್ಲದ ಮನ್ಯಾಗ ಗುಣಾ ಹೆಂಗ ನೋಡೂದು?" ಎಂದಳು. ಅದು ಹೊರಗಿನ ಕಾರಣ. ಒಳಗಿನದನ್ನು ಅವ್ವ ನನಗೆ ಅಡುಗೆಮನೆಯಲ್ಲಿ ಹೇಳಿದಳು. ಆಯಿಯ ಸ್ವಂತ ಮದುವೆಯ ಕಾಲುಚೈನು ಮಾಡಿದ್ದು ಇದೇ ಮನೆತನದ ಮುತ್ತಜ್ಜ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೇಲಿನ ಬೆಳ್ಳಿ ಸವೆದು ಒಳಗಿನ ತಾಮ್ರ ಕಂಡಿತು. ಮೇಲೆ ತೆಳುವಾಗಿ ಬೆಳ್ಳಿ ಏರಿಸಿದ್ದರು; ನಮ್ಮ ಕಡೆ ಅದಕ್ಕೆ ಮುಲಾಮಾ ಅನ್ನುತ್ತಾರೆ. ಹೊಸ ಸೊಸೆ ಅತ್ತೆಮನೆಯಲ್ಲಿ ಕೆಂಪು ಕಾಲುಚೈನು ಹಾಕಿಕೊಂಡು ಎಷ್ಟು ಮಾತು ಕೇಳಿರಬೇಕು. ಆ ಅವಮಾನ ಆಯಿಯ ಕಣಕಾಲಿನಲ್ಲೇ ಉಳಿದಿತ್ತು.

ನಾನಾಗ ಹುಡುಗನನ್ನು ನೋಡಿರಲಿಲ್ಲ. ಸಂಬಂಧ ಮುರಿದರೆ ಮುರಿಯಲಿ ಎಂದುಕೊಂಡಿದ್ದೆ. ಆದರೆ ಒಂದು ಸೋಮವಾರ ಹುಡುಗ ತಾನೇ ಮಾಮಾನ ಜೊತೆ ನಮ್ಮ ಅಂಗಳಕ್ಕೆ ಬಂದು ನಿಂತ.

"ನಮಸ್ಕಾರ್ರಿ ಆಯಿ. ನಮ್ಮ ಮನ್ಯಾಗ ಎಮ್ಮಿ ಇಲ್ಲಂತ ನೀವು ಸಿಟ್ಟ ಆಗೀರಂತ. ಅದಕ್ಕ ನಿಮ್ಮ ಎಮ್ಮಿಗೇ ನನ್ನ ತೋರಸಾಕ ಬಂದೇನಿ."

ಬಾಗಿಲ ಹಿಂದೆ ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲೇ ನನ್ನ ತೀರ್ಮಾನ ಆಗಿಹೋಯಿತು. ಇವನೇ ಬೇಕು ಎನಿಸಿತು. ಅಲ್ಲಿಯವರೆಗೆ ಆಯಿಯ ಹಟ ನನಗೆ ತಮಾಷೆಯಾಗಿತ್ತು. ಅಲ್ಲಿಂದ ಮುಂದೆ ಎದೆಯ ಮೇಲಿನ ಕಲ್ಲಾಯಿತು.

ಹುಡುಗ ಕೊಟ್ಟಿಗೆಗೆ ಹೋದ. ಅವನಿಗೆ ಎಮ್ಮೆಯ ಭಯ. ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಅವನ ಬೆರಳ ತುದಿಗಳೆಲ್ಲ ಭಟ್ಟಿಯ ಸುಟ್ಟ ಕಲೆ, ತಂತಿ ಕೊಯ್ದ ಗಾಯ. ಆಗ ಚಂದ್ರಿಯ ಸ್ಥಿತಿಯೂ ಸರಿಯಿರಲಿಲ್ಲ. ಅದರ ಕರು ಹುಟ್ಟಿದ ಕೆಲವೇ ದಿನಕ್ಕೆ ಸತ್ತಿತ್ತು. ಕರು ಮುಂದಿಲ್ಲದಿದ್ದರೆ ಎಮ್ಮೆ ತೊರೆಬಿಡುವುದಿಲ್ಲ, ಹಾಲನ್ನು ಕೆಚ್ಚಲಿಗೆ ಇಳಿಸದೆ ಮೇಲೆಯೇ ಹಿಡಿದುಕೊಳ್ಳುತ್ತದೆ. ಅದಕ್ಕೆ ಅಪ್ಪ ಸತ್ತ ಕರುವಿನ ಚರ್ಮದೊಳಗೆ ಹುಲ್ಲು ತುಂಬಿಸಿ ನಿಲ್ಲಿಸಿದ್ದರು. ಚಂದ್ರಿ ಅದನ್ನು ನೆಕ್ಕುತ್ತ ನಿಲ್ಲುತ್ತಿತ್ತು, ಅವ್ವ ಕೆಳಗೆ ಹಿಂಡಿಕೊಳ್ಳುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ: ಪ್ರೀತಿ ಅನ್ನುವುದು ಒಂದು ಹಿಡಿ ಹುಲ್ಲಿಗೆ ಮೋಸ ಹೋಗುವಂಥದ್ದಾದರೆ ಅದನ್ನು ಪ್ರೀತಿ ಎಂದು ಕರೆಯುವುದು ಹೇಗೆ?

ಕೊಟ್ಟಿಗೆಯ ಇನ್ನೊಂದು ಮೂಲೆಯಲ್ಲಿ ಪಕ್ಕದ ಮನೆಯವರ ಕೋಣಗರು ಮಲಗಿತ್ತು. ಅದರ ತಾಯಿ ಹಾವು ಕಚ್ಚಿ ಸತ್ತಿತ್ತು. ಗಂಡು ಕರು ಯಾರಿಗೂ ಬೇಡ. ಅವ್ವ ಮರುಗಿ ತಂದು ಬಾಟಲಿಯಿಂದ ಕುಡಿಸುತ್ತಿದ್ದಳು, ಆದರೆ ಅದು ಒಗ್ಗದೆ ಕರುವಿಗೆ ಹೊಟ್ಟೆಬೇನೆ ಹಿಡಿದಿತ್ತು. ಪಕ್ಕೆಲುಬು ಎಣಿಸಬಹುದಾಗಿತ್ತು.

ಹುಡುಗ ಹುಲ್ಲಿನ ಕರುವನ್ನು ನೋಡಿದ, ಜೀವಂತ ಕರುವನ್ನು ನೋಡಿದ. "ಈ ಹುಲ್ಲ ತಗದು ಆ ಚರ್ಮಾ ಇದಕ್ಕ ಹೊಚ್ಚಿದ್ರ ಎಮ್ಮಿ ಮಲಿ ಕೊಡೂದಿಲ್ಲೇನ್ರಿ?"

"ನೋಡು," ಎಂದಳು ಆಯಿ, ಇದನ್ನೇ ಕಾಯುತ್ತಿದ್ದವಳ ಹಾಗೆ. "ಬಂತಲ್ಲ ಮನಿತನದ ಕಸಬು! ಮ್ಯಾಲ ಒಂದು, ಒಳಗ ಒಂದು. ಮುಲಾಮಾ!"

ಅಂಗಳದಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಹುಡುಗ ಮಾತ್ರ ತಗ್ಗಿಸಲಿಲ್ಲ.

"ಹೌದ್ರಿ ಆಯಿ, ಮುಲಾಮಾನ. ನಮ್ಮ ಮುತ್ತ್ಯಾ ಮಾಡಿದ್ದು ನನಗೂ ಗೊತ್ತೈತಿ. ಆದ್ರ ಮುಲಾಮಾ ಅಂದ್ರ ಒಂದಿನ ಸವೀತೈತಿ. ಸವದ ಮ್ಯಾಲ ಒಳಗ ಏನೈತಿ ಅದು ಕಾಣಬೇಕಲ್ರಿ. ಅಲ್ಲೀತನಕ ತಡೀರಿ."

"ಏನ್ ಕಾಣ್ತೈತಿ? ಎಮ್ಮಿ ತನ್ನ ಕರಾ ನೆಕ್ಕೂದು ಹುಟ್ಟುಗುಣ. ಮಂದಿ ಕರಾ ಒದಿಯೂದೂ ಹುಟ್ಟುಗುಣ. ಹುಟ್ಟುಗುಣಾ ಸುಟ್ರೂ ಹೋಗೂದಿಲ್ಲ ತಮ್ಮಾ."

"ನಮ್ಮ ಧಂದೇದಾಗ ಸುಟ್ರನ ಹೋಗ್ತೈತ್ರಿ," ಎಂದ ಅವನು. "ಭಟ್ಟಿಗಿ ಹಾಕಿದ್ರ ಕಸಾ ಹೋಗ್ತೈತಿ, ಬೆಳ್ಳಿ ಉಳೀತೈತಿ."

ಆಯಿಗೆ ಗಾದೆಯ ಮೇಲೆ ಯಾರೂ ತಿರುಗಿ ಮಾತಾಡಿದ್ದಿಲ್ಲ. ಸಿಟ್ಟಿನಲ್ಲಿ ಹೇಳಿಬಿಟ್ಟಳು: "ಆತು. ಚರ್ಮಾ ತಗದ ಮ್ಯಾಲೂ ಚಂದ್ರಿ ಆ ಕರಾ ತನ್ನದಂತ ಇಟ್ಕೊಂಡ್ರ, ನಾನೂ ನಿಮ್ಮ ಮನಿತನಾ ನಮ್ಮದಂತ ಇಟ್ಕೋತೇನಿ. ಒದ್ದರ ನೀ ನಿನ್ನ ದಾರಿ ಹಿಡಿ."

ಹೀಗೆ ನನ್ನ ಮದುವೆ ಒಂದು ಎಮ್ಮೆಯ ಕೈಗೆ ಹೋಯಿತು. ಯಾರೂ ನನ್ನನ್ನು ಕೇಳಲಿಲ್ಲ. ಎಮ್ಮೆಯನ್ನೂ ಕೇಳಲಿಲ್ಲ.

ಚರ್ಮಕ್ಕೆ ನೀರು ಚಿಮುಕಿಸಿ ಮೆದು ಮಾಡಿ ಕೋಣಗರುವಿನ ಮೈಗೆ ಕಟ್ಟಿದೆವು. ಚಂದ್ರಿ ಮೂಸಿತು, ನೆಕ್ಕಿತು, ಹಾಲು ಕೊಟ್ಟಿತು. ಕರು ಗುಟುಕು ಗುಟುಕಾಗಿ ಕುಡಿಯುವಾಗ ಬಾಲ ಅಲ್ಲಾಡಿಸಿದ್ದನ್ನು ನೋಡಿ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ದಿನಗಳು ಹೋದವು. ಚರ್ಮ ಒಣಗಿ, ಹರಿದು, ನಾರಲಾರಂಭಿಸಿತು. ಕೊನೆಗೊಂದು ಸೋಮವಾರ, ಹುಡುಗನ ಕೆಲಸಕ್ಕೆ ಸೂಟಿ ಇದ್ದ ದಿನ, ಎಲ್ಲರ ಮುಂದೆ ಅದನ್ನು ಕಳಚಿದರು.

ಚಂದ್ರಿ ಮೂಸಿತು. ಮತ್ತೆ ಮೂಸಿತು. ಮೂಗು ಮೇಲೆತ್ತಿ ಗಾಳಿ ಎಳೆದುಕೊಂಡಿತು. ಆಮೇಲೆ ತಲೆ ತಗ್ಗಿಸಿ ಕರುವನ್ನು ಹಾಯ್ದು ಅಷ್ಟು ದೂರ ಕೆಡವಿತು.

ಆಯಿ, "ನಾ ಏನ್ ಹೇಳಿದ್ನಿ?" ಎಂದಳು. ಆದರೆ ಅವಳ ದನಿಯಲ್ಲಿ ಗೆದ್ದವರ ಗತ್ತು ಇರಲಿಲ್ಲ. ಹುಡುಗ ಕರುವನ್ನು ಎತ್ತಿ ನಿಲ್ಲಿಸಿ, ಮೈ ಒರೆಸಿ, "ಮುಂದಿನ ಸೋಮವಾರ ಇನ್ನೊಂದ್ ಸಲ ಬಂದು ನೋಡಿ ಹೋಗ್ತೇನ್ರಿ" ಎಂದ. "ಬಾ, ಚಾ ಕುಡದು ಹೋಗು. ಚಾಕ್ಕೇನು," ಎಂದಳು ಆಯಿ. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ. ಹೊಗೆ ಎಂದು ಹೇಳಿದೆ. ಯಾರೂ ನಂಬಲಿಲ್ಲ.

ಆಮೇಲಿನ ದಿನಗಳಲ್ಲಿ ಕರು ಮತ್ತೆ ಬಾಟಲಿಗೆ ಬಂತು, ಮತ್ತೆ ಸೊರಗಿತು. ಹಾಲಿನ ರುಚಿ ಕಂಡ ಮೇಲಿನ ಹಸಿವು ಇನ್ನೂ ಕೆಟ್ಟದ್ದು. ಅದರ ಕೂಗು ಗಂಟಲಲ್ಲೇ ಒಡೆಯುತ್ತಿತ್ತು. ಒಂದು ಬೆಳಗಿನ ಜಾವ, ಕೋಳಿ ಕೂಗಿದ ಮೇಲೆ, ಕೂಗು ನಿಂತಿರುವುದು ಗೊತ್ತಾಗಿ ನನಗೆ ಧಸಕ್ಕೆಂದಿತು. ಸತ್ತಿತು ಎಂದುಕೊಂಡು ಕೊಟ್ಟಿಗೆಗೆ ಓಡಿದೆ.

ಆಯಿ ಅಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಒಂದು ಬಟ್ಟಲು. ಅದರಲ್ಲಿ ಕಲಸಿದ್ದ ಉಪ್ಪು ಬೆಲ್ಲವನ್ನು ಕರುವಿನ ಬೆನ್ನಿಗೆ, ಹೊಟ್ಟೆಗೆ, ಹಣೆಗೆ ಬಳಿಯುತ್ತಿದ್ದಳು, ಎಳೆಗೂಸಿಗೆ ಎಣ್ಣೆ ಹಚ್ಚುವ ಹಾಗೆ. ಚಂದ್ರಿ ಉದ್ದನೆಯ ನಾಲಿಗೆ ಚಾಚಿ ಆ ಉಪ್ಪನ್ನು ನೆಕ್ಕುತ್ತಿತ್ತು. ನೆಕ್ಕುವ ಭರದಲ್ಲಿ ಕರು ಕೆಚ್ಚಲಿಗೆ ಬಾಯಿ ಹಾಕಿದ್ದು ಅದರ ಲಕ್ಷ್ಯಕ್ಕೇ ಬಂದಿರಲಿಲ್ಲ. ಅಥವಾ ಬಂದೂ ಸುಮ್ಮನಿತ್ತು.

"ಆಯಿ! ನೀ ಗೆದ್ದೀಯಲ್ಲ!"

"ಹೂಂ, ಗೆದ್ದೇನಿ. ಒದರಬ್ಯಾಡ."

"ಮತ್ತ ಇದೇನು? ಇದು ಕರಾ ಒಪ್ಕೊಂಡ್ರ ನೀ ಸೋಲ್ತೀ. ನನ್ನ ಲಗ್ನಾ ಆಗ್ತೈತಿ."

"ನಿನ್ನ ಲಗ್ನದ ಸುದ್ದಿ ಯಾರ್ ಮಾಡ್ಯಾರ?" ಆಯಿ ನನ್ನ ಕಡೆ ನೋಡಲಿಲ್ಲ. "ಅದು ಒದರಾಕತ್ತಿತ್ತು. ನಾ ಮಲಗೇ ಇದ್ನಿ. ಸತ್ರ ಸಾಯಲಿ, ಏಳಬಾರದು ಅಂತ ಮಾಡಿದ್ನಿ. ಆ ಕಾಲುಚೈನಾ ನೆನಿಸಿಕೊಂಡು ಆ ಕಡೆ ಹೊರಳಿದ್ನಿ. ಮತ್ತ ಒದರಿತು." ಬಟ್ಟಲಿನ ತಳವನ್ನು ಬೆರಳಿನಿಂದ ಬಳಿದಳು. "ಎದ್ದ್ನಿ."

ಅಷ್ಟೆ. ಎದ್ದ್ನಿ. ಆ ಒಂದು ಮಾತಿನ ಬಗ್ಗೆ ನಾನು ಆಮೇಲೆ ಎಷ್ಟು ಯೋಚಿಸಿದ್ದೇನೋ. ಕೂಗು ಕೇಳಿದರೆ ಕೈ ಮುಂದಾಗುವುದು ಹುಟ್ಟಿನಿಂದ ಬಂದದ್ದೇ ಇರಬೇಕು. ಅದನ್ನು ಸರ್ ಯಂತ್ರ ಎನ್ನಲಿ, ಆಯಿ ಗುಣ ಎನ್ನಲಿ. ಆದರೆ ಅವಮಾನ ನೆನೆದು ಆ ಕಡೆ ಹೊರಳಿದ್ದೂ ಹುಟ್ಟಿನಿಂದ ಬಂದದ್ದೇ ಅಲ್ಲವೇ? ಎರಡೂ ಒಳಗೇ ಇದ್ದವು, ಎರಡೂ ಜಗ್ಗಿದವು. ಕತ್ತಲಲ್ಲಿ, ಯಾರೂ ನೋಡದಿರುವಾಗ, ತಾನೇ ಸೋಲುವ ಕಡೆಗೆ ಎದ್ದು ನಡೆದದ್ದು ಮಾತ್ರ ಆಯಿಯ ಸ್ವಂತ ಕೆಲಸ. ಅದನ್ನು ಯಾವ ದೇವರೂ ಕಟ್ಟಿ ಕಳಿಸಿರಲಿಲ್ಲ. ಹೀಗೆಂದು ನನಗೆ ಇವತ್ತಿಗೂ ಅನಿಸುತ್ತದೆ, ನೀವು ಒಪ್ಪದಿದ್ದರೂ ಬಿಡುವುದಿಲ್ಲ.

"ಯಾರ ಮುಂದೂ ಹೇಳಬ್ಯಾಡ," ಎಂದಳು ಆಯಿ. "ನನ್ನ ಆಣಿ ಐತಿ."

ಸೋಮವಾರ ಬಂತು. ಹುಡುಗ ಇನ್ನೊಮ್ಮೆ ನೋಡಲು ಬರುವ ಸುದ್ದಿ ಹರಡಿ ಓಣಿಯೆಲ್ಲ ನಮ್ಮ ಅಂಗಳದಲ್ಲಿ ಸೇರಿತ್ತು. ನಿವೃತ್ತರಾಗಿದ್ದ ಗುರೂಜಿಯೂ ಕೊಡೆ ಊರಿಕೊಂಡು ಬಂದು ಕಟ್ಟೆಯ ಮೇಲೆ ಕೂತಿದ್ದರು. ಅಪ್ಪ ಕರುವನ್ನು ಬಿಟ್ಟರು. ಅದು ತಡಬಡಿಸುತ್ತ ಚಂದ್ರಿಯ ಕಡೆ ಹೋಯಿತು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಚಂದ್ರಿ ಕರುವಿನ ಹಣೆ ನೆಕ್ಕುತ್ತಿತ್ತು. ಕರು ಕೆಚ್ಚಲು ಗುದ್ದಿ ಗುದ್ದಿ ಕುಡಿಯುತ್ತಿತ್ತು, ಬಾಯಿಯ ಅಂಚಿನಿಂದ ನೊರೆ ಸುರಿಯುತ್ತಿತ್ತು. ಅಂಗಳದಲ್ಲಿ ಹೋ ಎಂದು ಎದ್ದ ಕೂಗಿಗೆ ಎಮ್ಮೆ ಹೆದರಬೇಕಿತ್ತು; ಹೆದರಲಿಲ್ಲ. ಕರುವನ್ನು ತನ್ನ ಮೈಯ ಆ ಕಡೆಗೆ ಸರಿಸಿಕೊಂಡು, ನಮ್ಮೆಲ್ಲರ ಕಡೆಗೆ ಕೊಂಬು ತಿರುಗಿಸಿ ನಿಂತಿತು. ನನ್ನ ಕರುವಿನ ಸುದ್ದಿಗೆ ಬಂದೀರಿ, ಜೋಕೆ!

ಹುಡುಗ ಭಯ ಮರೆತು ಹತ್ತಿರ ಹೋಗಿ ಕರುವಿನ ಬೆನ್ನು ಸವರಿದ. ಸವರಿದವನು ತಟ್ಟನೆ ಕೈ ಹಿಂದೆ ತೆಗೆದುಕೊಂಡ. ಎಮ್ಮೆ ಹಾಯಿತೇನೋ ಎಂದು ನಾನು ಬೆಚ್ಚಿದೆ. ಇಲ್ಲ, ಏನೂ ಆಗಿರಲಿಲ್ಲ. ಅವನು ಒಮ್ಮೆ ಆಯಿಯನ್ನು ನೋಡಿದ, ಮತ್ತೆ ಕರುವಿನ ಬೆನ್ನ ಮೇಲೆ ಕೈಯಿಟ್ಟು ನಿಂತ.

ಆಯಿ ಬಡಿಗೆ ಊರಿಕೊಂಡು ಅಂಗಳದ ನಡುವೆ ಬಂದಳು. ನೇರವಾಗಿ ಗುರೂಜಿಯ ಮುಂದೆ ನಿಂತಳು.

"ಗುರೂಜಿ, ಅವತ್ತ ನೀವು ಹೇಳಿದ್ದ ಖರೆ ಐತಿ. ಗುಣಾ ಹುಟ್ಟೂಮುಂದ ಬರೂದಷ್ಟ ಅಲ್ಲ, ಕೊಡಾವ್ರೂ ಇರತಾರ. ಈ ಹುಡಗಗ ನಾ ಕೊಟ್ಟೇನಿ."

ಗುರೂಜಿಯ ಬೊಚ್ಚುಬಾಯಿ ಅಗಲವಾಯಿತು. "ಕಿತೀ ದಿಲೇ ಆಜೀ?" ಎಷ್ಟು ಕೊಟ್ಟಿರಿ?

"ಎಷ್ಟ ಏನು? ಇದ್ದಷ್ಟೂ ಕೊಟ್ಟೇನಿ!"

ಆ ದಿನದ ಗದ್ದಲವನ್ನು ನಾನು ಹೇಗೆ ಬಣ್ಣಿಸಲಿ? ಮಾಮಾ ಟೋಪಿ ಹಾರಿಸಿದರು. ಅವ್ವ ಎಲ್ಲರ ಬಾಯಿಗೂ ಸಕ್ಕರೆ ಹಾಕುತ್ತ ಬಂದು, ಆ ಭರದಲ್ಲಿ ಚಂದ್ರಿಯ ಬಾಯಿಗೂ ಹಾಕಿದಳು. ನಿಶ್ಚಯದ ದಿನ ಹುಪರಿಯಿಂದ ಬಂದ ತಟ್ಟೆಯಲ್ಲಿ ಈ ಗಂಟೆ ಇತ್ತು. ಯಾರೋ ಹಿರಿಯರು, "ಹಿಂದಿನದು ನೆನಪ ಐತಲ್ಲ ಆಯಿ? ಒಮ್ಮೆ ಒರಿಗಲ್ಲಿಗಿ ಹಚ್ಚಿ ನೋಡಸೂಣು" ಎಂದರು. ಬೆಳ್ಳಿಯನ್ನು ಕಲ್ಲಿಗೆ ಉಜ್ಜಿ ಪರೀಕ್ಷಿಸೋಣ ಎಂದು. ಆಯಿ ಗಂಟೆಯನ್ನು ಎತ್ತಿಕೊಂಡು ತಾನೇ ಹೋಗಿ ಕರುವಿನ ಕೊರಳಿಗೆ ಕಟ್ಟಿದಳು. "ನೋಡೂದು ಮುಗದೈತಿ" ಎಂದಳು. ಆಮೇಲೆ ಅವಳು ಉಪ್ಪು ಹಚ್ಚುವುದನ್ನೂ ಬಿಟ್ಟಳು. ಉಪ್ಪು ತೀರಿದ ಮೇಲೂ ಚಂದ್ರಿ ಆ ಕರುವನ್ನು ನೆಕ್ಕುತ್ತಲೇ ಇತ್ತು. ಮದುವೆಯ ಮೇಲೆ ನಾನು ಮೊದಲ ಸಲ ತವರಿಗೆ ಹೋದಾಗ ಕರು ತಾಯಿಯ ಎತ್ತರಕ್ಕೆ ಬರುತ್ತಿತ್ತು, ಆಗಲೂ ನೆಕ್ಕುತ್ತಿತ್ತು. ಅದರ ಕೊರಳಿಗೆ ಬಿಗಿಯಾದ ಗಂಟೆಯನ್ನು ಆಯಿ ಬಿಚ್ಚಿ ನನ್ನ ಕೈಗೆ ಕೊಟ್ಟಳು.

ಹಿತ್ತಿಲ ಮೆಟ್ಟಿಲ ಮೇಲೆ ನನ್ನ ಕೈಯಲ್ಲಿದ್ದ ಗಂಟೆ ಬೆಳ್ಳಗಾಗುತ್ತ ಬಂದಿತ್ತು. ಒಳಗೆ ಸರ್ ಇನ್ನೂ ನಾಯಿಯ ವಿಡಿಯೊದ ಹತ್ತಿರವೇ ಇದ್ದರು. ನನಗೆ ಇದ್ದಕ್ಕಿದ್ದಂತೆ, ಆಯಿಯ ಆಣೆಗೆ ಇನ್ನು ಯಾವ ಮಾನವನ್ನೂ ಕಾಯುವ ಕೆಲಸವಿಲ್ಲ ಅನಿಸಿತು. ಅವಳು ಹೋಗಿ ಎಷ್ಟೋ ಕಾಲವಾಯಿತು. ಎದ್ದು ಹೋಗಿ ಗಂಟೆಯನ್ನು ಚಹಾದ ಬಶಿಗಳ ನಡುವೆ ಇಟ್ಟೆ. ಸರ್‌ಗೆ ಎಲ್ಲ ಹೇಳಿದೆ: ಹುಲ್ಲಿನ ಕರು, ಪಂಥ, ಬೆಳಗಿನ ಜಾವದ ಬಟ್ಟಲು. ಉಪ್ಪಿನ ಮಾತು ಬಂದಾಗ ನಮ್ಮ ಮನೆಯವರ ಮುಖವನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ಮುಚ್ಚಿಟ್ಟದ್ದಲ್ಲವೇ? ತಮ್ಮ ಮಾತು ಗೆದ್ದಿತೆಂದು ಇವರು ತಿಳಿದಿದ್ದರೆ, ಗೆಲ್ಲಿಸಿದ್ದು ಆಯಿ ಎಂದು ಕೇಳಿ ನೊಂದಾರೇನೋ ಎಂಬ ಅಳುಕು.

ಇವರು ತಮ್ಮ ಬೆರಳ ತುದಿಗಳನ್ನು ನೋಡಿಕೊಂಡರು.

"ನನಗ ಗೊತ್ತಿತ್ತು."

"ಏನು?"

"ಆ ದಿನಾನ ಗೊತ್ತಾತು. ಬೆನ್ನ ಮ್ಯಾಲ ಕೈ ಆಡಿಸಿದ್ನಿ, ಸುಟ್ಟ ಬೆರಳ ಎಲ್ಲಾ ಚುರ್ ಅಂದ್ವು. ನಾಲಿಗಿಗಿ ಹಚ್ಚಿ ನೋಡಿದ್ನಿ, ಉಪ್ಪ! ಆ ಮನ್ಯಾಗ ಎಮ್ಮಿ ಕರಾ ಕೂಡಸೂ ವಿದ್ಯಾ ನಿಮ್ಮ ಆಯಿ ಬಿಟ್ರ ಯಾರಿಗೆ ಗೊತ್ತಿತ್ತು? ಮುದುಕಿ ನನ್ನ ಸಲವಾಗಿ ಸೋತಾಳ ಅಂತ ತಿಳೀತು."

"ನಿಮ್ಮ ಸಲವಾಗಿ ಅಲ್ರಿ, ಕರದ ಸಲವಾಗಿ."

"ಅಷ್ಟರ ಮೇಲೂ ನಾಕ ಮಂದ್ಯಾಗ ನನ್ನ ಕೈ ಹಿಡದಳಲ್ಲ? ಕರಾ ಹೆಂಗೂ ಬದಕಿತ್ತು, ಪಂಥ ಹಿಂದಿನ ಸೋಮವಾರನ ಮುಗದೈತಿ ಅಂದಿದ್ರ ಆಗ್ತಿತ್ತು. ಅನ್ನಲಿಲ್ಲ."

"ಮತ್ತ ಇಷ್ಟ ವರ್ಷಾ ನನಗ್ಯಾಕ ಹೇಳಲಿಲ್ಲ?"

"ನಿನಗ ಗೊತ್ತಿರ್ತೈತಿ ಅಂತ ನನಗೇನ್ ಗೊತ್ತು? ಮುದುಕಿ ಗುಟ್ಟಾಗಿ ಮಾಡಿದ್ದು. ಅದನ್ನ ನಾ ಬಯಲ ಮಾಡೂದು ಛಲೋ ಅನಸಲಿಲ್ಲ."

ನಾನು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ. ಒಂದೇ ಮನೆ, ಒಂದೇ ಗುಟ್ಟು, ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟು, ಇಷ್ಟು ವರ್ಷ ಒಬ್ಬ ಮುದುಕಿಯ ಮಾನ ಕಾದಿದ್ದೆವು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಈ ಸಲ ಹೊಗೆಯ ನೆಪವೂ ಇರಲಿಲ್ಲ.

ಸರ್ ಮೊಬೈಲನ್ನು ಕಿಸೆಗೆ ಹಾಕಿಕೊಂಡರು. ವಾದ ಮುಂದುವರಿಸುತ್ತಾರೆಂದು ಕಾದೆ. ಅವರು ಕೇಳಿದ್ದು ಬೇರೆಯೇ.

"ಕರಾ ಮುಂದ ಏನಾತ್ರಿ ವೈನೀ? ಹೊಟ್ಟಿ ಬ್ಯಾನಿ ಕಡಿಮಿ ಆತೇನ್ರಿ ಅದಕ್ಕ?"

"ಗುಣ ಆತ್ರಿ ಸರ್," ಎಂದೆ. "ಪೂರಾ ಗುಣ ಆತು."

ಗುಣ ಎಂಬುದಕ್ಕೆ ವಾಸಿ ಎಂಬ ಮೂರನೆಯ ಅರ್ಥವೂ ಇದೆ ಎಂಬುದು ಹೇಳಿದ ಮೇಲೆ ನನಗೇ ಹೊಳೆಯಿತು. ಮೇಜಿನ ಮೇಲಿನ ಗಂಟೆಯನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಇಡೀ ಬೆಳಗು ಕೈ ಸೋಲುವಂತೆ ತಿಕ್ಕಿದ್ದೆ. ತಾಮ್ರ ಎಲ್ಲೂ ಕಾಣಲಿಲ್ಲ.